ದೂರದವರಿಗೆ ಇಷ್ಟು ಸಾಕು

ನಮ್ಮ ಸೋದರಮಾವನಷ್ಟು ದೊಡ್ಡ ಸೋಮಾರಿ ಮೂರು ತಾಲ್ಲೂಕು ಹುಡುಕಿದರೂ ಸಿಗುವುದಿಲ್ಲ. ಹಾಗೆಂದರೆ ಅವರಿಗೆ ಸಿಟ್ಟಲ್ಲ, ಹೆಮ್ಮೆ! ಸೋಮಾರಿತನವೇ ಅವರ ಕಸುಬು. ಕಡೂರಿನಲ್ಲಿ ಕೊಬ್ಬರಿ ಮಂಡಿಯ ಮೇಲಿನ ಕೋಣೆಯಲ್ಲಿ ಕೂತು ಕಂಪ್ಯೂಟರ್ ಆಟಗಳನ್ನು ಮಾಡುತ್ತಾರೆ. ಆಟದಲ್ಲಿ ಹತ್ತಿರ ಕಾಣುವ ಮರಕ್ಕೆ ಒಂದೊಂದು ಎಲೆಯನ್ನೂ ಬಿಡಿಸುತ್ತಾರೆ. ಅದೇ ಮರ ದೂರ ಸರಿಯಿತೋ, ಬರೀ ಹಸಿರು ಡಬ್ಬ!

"ದೂರದ್ದಕ್ಕೆಲ್ಲ ಎಲೆ ಬಿಡಿಸ್ತಾ ಕೂತ್ರೆ ಕಂಪ್ಯೂಟ್ರು ಏದುಸಿರು ಬಿಡ್ತದೆ ಕಣೋ. ಕಾಣದೇ ಇರೋದಕ್ಕೆ ಯಾಕೆ ಒದ್ದಾಟ?" ಎನ್ನುತ್ತಾರೆ.

ಇದು ಕಂಪ್ಯೂಟರಿನೊಳಗೇ ಇದ್ದಿದ್ದರೆ ನಮಗೇನು ತಕರಾರು? ಮಾವ ಮನೆಗೂ ತಂದರು. ತರೀಕೆರೆಯ ಮದುವೆಗೆ ಹೊರಟಾಗ ಅಂಗಿಯ ಮುಂಭಾಗಕ್ಕೆ ಮಾತ್ರ ಇಸ್ತ್ರಿ! ಅತ್ತೆ ಹಣೆ ಚಚ್ಚಿಕೊಂಡರು.

"ಬೆನ್ನು ನೋಡೋರು ದೂರ ಹೋಗೋರು ಕಣೇ. ಅವ್ರಿಗೆ ಇಷ್ಟು ಸಾಕು!"

ಅತ್ತೆ ಬಿಟ್ಟಾರೆಯೇ? ಮರುದಿನ ಊಟದ ಹೊತ್ತಿಗೆ ಅಡುಗೆಮನೆಯಿಂದಲೇ ಖಾಲಿ ತಟ್ಟೆ ಎತ್ತಿ ತೋರಿಸಿದರು. "ಅಲ್ಲಿಂದ ಊಟದ ಥರಾನೇ ಕಾಣ್ತದಲ್ಲ? ಇಷ್ಟು ಸಾಕು!"

ಈಚೆಗೆ ಮಾವ ರೈಲು ಓಡಿಸುವ ಆಟವೊಂದನ್ನು ಮಾಡಿದರು. ಶಿವನಿಯಿಂದ ಹೊರಟು ಅಜ್ಜಂಪುರದ ಮೇಲೆ ಕಡೂರಿಗೆ. ಒಂದು ವರ್ಷದ ದುಡಿಮೆ. ಮರುದಿನ ಬೆಳಿಗ್ಗೆ ಕೊಳ್ಳುವವರು ನೋಡಲು ಬರಬೇಕು, ಈ ರೈಲೋ ಶಿವನಿ ಬಿಡುವಾಗಲೇ ಮುಗ್ಗರಿಸುತ್ತದೆ! ಪಕ್ಕದಲ್ಲಿ ಕೂತು ನೋಡಿದೆ. ರೈಲು ಮುಂದೆ ಹೋದಂತೆ ಹಿಂದೆ ಉಳಿದ ಮರಗಳು ಡಬ್ಬವಾದವು, ಮನೆಗಳು ಡಬ್ಬವಾದವು. ಪ್ಲಾಟ್‌ಫಾರಂನಲ್ಲಿ ಕೈ ಬೀಸುತ್ತಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ಕಡಲೆಕಾಳಿನಷ್ಟಾದರೂ ಜಡೆ, ಟೇಪು, ಬಳೆ ಸಮೇತ ಹಾಗೇ ಇದ್ದಳು.

"ಸಿಕ್ತು ಮಾವ! ಇವಳನ್ನೂ ಡಬ್ಬ ಮಾಡಿ, ರೈಲು ಓಡ್ತದೆ" ಎಂದೆ, ದೊಡ್ಡ ಎಂಜಿನಿಯರನ ಹಾಗೆ.

ಮಾವ ಚಿತ್ರವನ್ನು ದೊಡ್ಡದು ಮಾಡಿದರು. ನನ್ನ ಅಮ್ಮ! ನಾನಿನ್ನೂ ಹುಟ್ಟಿರದ ಕಾಲದ ಅಮ್ಮ, ಮಾವನ ಅಕ್ಕ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು.

"ನಾನು ಕಡೂರ್ ಸ್ಕೂಲಿಗೆ ಹೋಗೋವಾಗ ದಿನಾ ರೈಲು ಹತ್ಸಕ್ಕೆ ಬರೋಳು. ತಿರುವು ದಾಟೋವರ್ಗೂ ಬಳೆ ಕಾಣ್ತಿತ್ತು ಕಣೋ. ಬೇಕಾದ್ರೆ ಸ್ಟೇಷನ್ನೇ ಡಬ್ಬ ಮಾಡ್ತೀನಿ, ಅವಳನ್ನ ಮಾಡಲ್ಲ."

ಹಾಗೇ ಮಾಡಿದರು. ಸ್ಟೇಷನ್ ಡಬ್ಬವಾಯಿತು, ಬೆಂಚು ಡಬ್ಬವಾಯಿತು, ಸಿಗ್ನಲ್ ಕಂಬ ಕಡ್ಡಿಯಾಯಿತು. ರೈಲು ಸಲೀಸಾಗಿ ಹೊರಟಿತು. ನಾಳೆಯ ಚಿಂತೆ ತೀರಿತು.

"ಮಾವ, ಒಂದ್ಸಲ ಹಿಂದಕ್ಕೆ ಬಿಡಿ" ಎಂದೆ.

ರೈಲು ಹಿಂದಕ್ಕೆ ಬಂತು. ಅಮ್ಮ ಹತ್ತಿರವಾದಳು.