ಒಂದನೇ ದರ್ಜೆಯ ನಿದ್ದೆ

ತೈವಾನಿನ ಕಾವೊಸಿಯುಂಗ್ ನಗರದಲ್ಲಿ ದೊಡ್ಡ ವಾಣಿಜ್ಯ ಕಟ್ಟಡವನ್ನು ಮಾರುವವರು ಅಥವಾ ಬಾಡಿಗೆಗೆ ಕೊಡುವವರು, ಅದು ಎಷ್ಟು ವಿದ್ಯುತ್ ನುಂಗುತ್ತದೆಂಬ ದರ್ಜೆಪತ್ರವನ್ನು ಮೊದಲು ಪಡೆಯತಕ್ಕದ್ದು. ಒಂದನೇ ದರ್ಜೆ ಉತ್ತಮ, ಏಳನೆಯದು ಅಧಮ. ಬಂದರು ರಸ್ತೆಯ ಸ್ವರ್ಣಮತ್ಸ್ಯ ಸೌಧಕ್ಕೆ ಏಳನೆಯದು ದೊರೆತಿತ್ತು. ಎಂಟನೆಯದು ಇರಲಿಲ್ಲ.

ಸೌಧದ ಉಸ್ತುವಾರಿ ತು ಗ್ವೊಬಿನ್ ಯುನ್‌ಲಿನ್ ಸೀಮೆಯ ಬೆಳ್ಳುಳ್ಳಿ ಹೊಲದಲ್ಲಿ ಬೆಳೆದ ಗಂಡು. 'ಆಗಲ್ಲ' ಎಂಬ ಮಾತು ತನ್ನ ಊರಿನವರ ನಾಲಗೆಗೇ ಗೊತ್ತಿಲ್ಲವೆಂದು ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಇದೇ ಉಬ್ಬಿನಲ್ಲಿ, ತಾನು ಪ್ರಧಾನ ವ್ಯವಸ್ಥಾಪಕನಾಗಿದ್ದೇನೆಂದು ಅವ್ವನಿಗೆ ಮುಂಚಿತವಾಗಿಯೇ ತಿಳಿಸಿಬಿಟ್ಟಿದ್ದ. ಬೀದಿಗೆ ಚಪ್ಪರ ಹಾಕಿ ಊರಿಗೆಲ್ಲ ಔತಣ ಕೊಡಲು ಅವಳು ಬಾಣಸಿಗನನ್ನು ಗೊತ್ತುಮಾಡಿಯಾಗಿತ್ತು. ಬಡ್ತಿಯೊಂದೇ ಬಾಕಿ.

"ಸೌಧ ಮಾರಾಟ ಆದ್ರೆ ಆ ಕುರ್ಚಿ ನಿಂದೇ," ಎಂದಿದ್ದಳು ಸೌಧದ ಒಡತಿ ಷಿ ಲಿಜು. "ಆಗದಿದ್ರೆ ಊರಿಗೆ ಹೋಗಿ ಬೆಳ್ಳುಳ್ಳಿ ಬಿಡಿಸು."

"ತಂಪಿನ ಯಂತ್ರಗಳಿಗೆ ವಯಸ್ಸಾಗಿದೆ ಮೇಡಂ. ಬದಲಿಸಿದ್ರೆ..."

"ಬದಲಿಸೋ ಮನಸ್ಸಿದ್ದಿದ್ರೆ ನಾನ್ಯಾಕಯ್ಯ ಮಾರ್ತಿದ್ದೆ?"

ವಾದದಲ್ಲಿ ದೋಷವಿರಲಿಲ್ಲ.

ಮರುಪರಿಶೀಲನೆಗೆ ಪರಿವೀಕ್ಷಕಿ ಪೆಂಗ್ ಬಂದದ್ದು ಮಧ್ಯಾಹ್ನದ ನಿದ್ದೆಯ ವೇಳೆಗೆ. ಊಟದ ಡಬ್ಬಿ ಮುಚ್ಚಿ, ದೀಪ ಆರಿಸಿ, ಎಲ್ಲರೂ ಎಂದಿನಂತೆ ಮೇಜಿನ ಮೇಲಿನ ಪುಟ್ಟ ದಿಂಬಿಗೆ ಕೆನ್ನೆ ಕೊಟ್ಟಿದ್ದರು. ಮೀಟರು ಕೂಡ ತೂಕಡಿಸುತ್ತಿತ್ತು.

ಪೆಂಗ್ ಪಿಸುದನಿಯಲ್ಲಿ ನಿಯಮ ಓದಿದಳು. "ಸಿಬ್ಬಂದಿ ಹಾಜರಿದ್ದು, ಕಟ್ಟಡವು ವಾಡಿಕೆಯ ಬಳಕೆಯಲ್ಲಿರುವಾಗ ಅಳೆಯತಕ್ಕದ್ದು. ಎಲ್ಲರೂ ಹಾಜರಿದ್ದಾರಾ?"

"ಒಬ್ಬರೂ ತಪ್ಪಿಸ್ಕೊಂಡಿಲ್ಲ."

"ಇದು ವಾಡಿಕೆಯ ಬಳಕೆನಾ?"

"ದಿನಾ ಹಿಂಗೇ. ಬೇಕಾದ್ರೆ ಎಬ್ಬಿಸಿ ಕೇಳಿ."

"ಛೆ, ಎಬ್ಬಿಸಿದ್ರೆ ಬಳಕೆ ಬದಲಾಗ್ಬಿಡುತ್ತೆ." ಪೆಂಗ್ ಬರೆದುಕೊಂಡಳು. "ದಿನಕ್ಕೆ ಒಂದು ಗಂಟೆ ಹೀಗಿದ್ರೆ ಆರನೇ ದರ್ಜೆ. ದಿನವಿಡೀ ಹೀಗೇ ಇದ್ರೆ ಒಂದನೆಯದಕ್ಕೆ ನನ್ನ ಅಡ್ಡಿಯಿಲ್ಲ."

ಗ್ವೊಬಿನ್ ಸದ್ದಾಗದಂತೆ ತೊಡೆ ತಟ್ಟಿಕೊಂಡ. ಮರುದಿನ ಲಿಫ್ಟಿನ ಪಕ್ಕ ಪ್ರಕಟಣೆ ಅಂಟಿತು:

"ಸಮಸ್ತ ಬಾಡಿಗೆದಾರರ ಗಮನಕ್ಕೆ. ಮಧ್ಯಾಹ್ನದ ನಿದ್ದೆಯು ಇನ್ನು ಮುಂದೆ ಬೆಳಿಗ್ಗೆ ಆರಂಭವಾಗಿ ಸಂಜೆ ಮುಗಿಯತಕ್ಕದ್ದು. ಎಚ್ಚರವಾಗಿರುವುದನ್ನು ಇಂಧನದ ದುರ್ಬಳಕೆ ಎಂದು ಪರಿಗಣಿಸಲಾಗುವುದು. ಗೊರಕೆಗೆ ವಿದ್ಯುತ್ ತಗಲದ ಕಾರಣ ಅದರ ಮೇಲೆ ನಿರ್ಬಂಧವಿಲ್ಲ."

ವಿರೋಧ ಬರಬಹುದೆಂಬ ಅಂಜಿಕೆಯಿತ್ತು. ಹಡಗು ಸಾಗಣೆ ಕಚೇರಿಯವರು ಗುಂಪಾಗಿ ಬಂದೂ ಬಂದರು. ಶನಿವಾರವೂ ಕೆಲಸಕ್ಕೆ ಬರಬಹುದೇ ಎಂದು ಕೇಳಿಹೋದರು.

ತೊಡಕಾದದ್ದು ಐದನೇ ಮಹಡಿಯ ಲೆಕ್ಕಪತ್ರದ ಲಿಯಾವ್ ಅಕ್ಕ.

"ನಂಗೆ ಹಗಲೊತ್ತು ಅಷ್ಟುದ್ದ ನಿದ್ದೆ ಬರಲ್ಲ ಕಣೋ. ಕೆಲಸ ಉಳಿದಿದ್ರೆ ರೆಪ್ಪೆನೇ ಕೂಡಲ್ಲ."

"ಅಕ್ಕ, ನಿನ್ನೊಬ್ಬಳ ದೀಪದಿಂದ ಇಡೀ ಸೌಧ ಎರಡನೇ ದರ್ಜೆಯಲ್ಲೇ ನಿಂತಿದೆ. ನಮ್ಮೂರ ಎಮ್ಮೆ ಕೂಡ ಹೇಳಿದ್ರೆ ಮಲಗುತ್ತೆ!"

"ಹಂಗಾದ್ರೆ ಲೆಕ್ಕಾನೂ ಎಮ್ಮೆ ಕೈಲೇ ಬರೆಸು, ಹೋಗು."

ಆಕೆಗೆ ನೋಟೀಸು ಕೊಡಲಾಯಿತು. ಅದನ್ನು ಓದಲು ಆಕೆ ಇನ್ನೊಂದು ದೀಪ ಹಚ್ಚಿದಳು. ಕೊನೆಗೆ ಗ್ವೊಬಿನ್ ತಾನೇ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಒಳ್ಳೆ ಮಾತಲ್ಲಿ ದಾರಿಗೆ ತರೋಣವೆಂದು ತನ್ನ ಬಾಲ್ಯದ ಸಾಹಸಗಳನ್ನು ವಿವರಿಸತೊಡಗಿದ. ಮೂಟೆ ಎತ್ತುವ ಪಂದ್ಯದಲ್ಲಿ ತಾನು ಗೆದ್ದ ಕಥೆಗೆ ಬರುವಷ್ಟರಲ್ಲಿ ಲಿಯಾವ್ ಅಕ್ಕ ಗಾಢ ನಿದ್ದೆಗೆ ಜಾರಿದ್ದಳು. ಪಂದ್ಯದ ಮುಖ್ಯ ಘಟ್ಟ ಇನ್ನೂ ಬಾಕಿಯಿದ್ದರೂ, ಸಂಸ್ಥೆಯ ಹಿತದೃಷ್ಟಿಯಿಂದ ಅವನು ದೀಪಗಳನ್ನು ಆರಿಸಿದ.

ಒಂದನೇ ದರ್ಜೆ ಮಂಜೂರಾಯಿತು.

ಕೊಳ್ಳಲು ಬಂದ ವಿಮಾ ಕಂಪನಿಯ ಅಧ್ಯಕ್ಷ ಚ್ಯೂ ತುದಿಗಾಲಲ್ಲಿ ಎಲ್ಲ ಮಹಡಿ ಸುತ್ತಿದರು. "ಸೊಗಸಾಗಿದೆ. ಮಲಗಿರೋರೂ ಕಟ್ಟಡದ ಜೊತೆನೇ ಬರ್ತಾರಾ?"

"ಬರಲೇಬೇಕು," ಎಂದಳು ದರ್ಜೆಪತ್ರ ಹಿಡಿದು ಜೊತೆಗೆ ಬಂದಿದ್ದ ಪೆಂಗ್. "ದರ್ಜೆ ಸಿಕ್ಕಿದ್ದು ಇವರ ನಿದ್ದೆಗೆ. ಎದ್ದರೆ ಪತ್ರ ರದ್ದು."

"ಮತ್ತೆ ನಮ್ಮ ಸಿಬ್ಬಂದಿ ಕೂರೋದೆಲ್ಲಿ?"

"ಈಗೆಲ್ಲಿ ಕೂತಿದ್ದಾರೆ ಸಾರ್?" ಗ್ವೊಬಿನ್ ಕೇಳಿದ.

"ಬಾಡಿಗೆ ಕಟ್ಟಡದಲ್ಲಿ."

"ಅಲ್ಲೇ ಇರಲಿ ಬಿಡಿ. ಇಷ್ಟು ಒಳ್ಳೆ ಕಟ್ಟಡಾನ ಯಾರಾದ್ರೂ ಬಳಸಿ ಹಾಳು ಮಾಡ್ಕೋತಾರಾ?"

ಅಧ್ಯಕ್ಷರು ತಲೆದೂಗಿ ಸಹಿ ಹಾಕಿದರು. ಕ್ರಯಪತ್ರದ ಸ್ಥಿರಾಸ್ತಿಗಳಲ್ಲಿ ಲಿಫ್ಟು ಮತ್ತು ನೀರಿನ ತೊಟ್ಟಿಯ ನಂತರ 'ನಿದ್ರಿಸುವವರು' ಎಂದು ನಮೂದಾಯಿತು.

ಗ್ವೊಬಿನ್ ಸೌಧದ ಪ್ರಧಾನ ವ್ಯವಸ್ಥಾಪಕನಾದ. ಮೇಲಿನ ಮಹಡಿಯಲ್ಲಿ ಕೊಠಡಿ, ಬಂದರು ಕಾಣುವ ಕಿಟಕಿ, ಅದಕ್ಕೆ ದಪ್ಪ ಪರದೆ. ಹುದ್ದೆಗೆ ತಕ್ಕಂತೆ ದಿಂಬೂ ದೊಡ್ಡದು. ಕರ್ತವ್ಯದ ದೆಸೆಯಿಂದ ಅವನು ತನ್ನ ಔತಣಕ್ಕೆ ತಾನೇ ಹೋಗುವಂತಿರಲಿಲ್ಲ. ಆ ದಿನ ಅವ್ವನ ಫೋನು ಬಂತು. ನಿಯಮಕ್ಕೆ ಭಂಗ ಬಾರದಂತೆ ಕಣ್ಣು ಮುಚ್ಚಿಕೊಂಡೇ ಎತ್ತಿದ.

"ಆ-ಬಿನ್, ಊರೇ ಚಪ್ಪರದಡಿ ಕೂತೈತೆ. ದೊಡ್ಡ ಸಾಹೇಬ್ರು ಅಲ್ಲಿ ಮಾಡೋದೇನು ಅಂತ ಕೇಳ್ತಾವ್ರೆ. ಏನ್ ಹೇಳ್ಲಪ್ಪ?"

ಬಡಾಯಿಗೆ ಪದ ಹುಡುಕಿದ. ಜೀವನದಲ್ಲಿ ಮೊದಲ ಸಲ ಸಿಗಲಿಲ್ಲ. "ಮಲಗಿರ್ತೀನಿ ಅವ್ವ. ಬೆಳಿಗ್ಗೆಯಿಂದ ಸಂಜೆವರೆಗೂ."

ಅತ್ತ ಅವಳು ಅದನ್ನೇ ಊರಿಗೆಲ್ಲ ಕೂಗಿ ಹೇಳಿದ್ದು ಕೇಳಿಸಿತು. ಮೇಜಿನಿಂದ ಮೇಜಿಗೆ ಮೆಚ್ಚುಗೆಯ ಉದ್ಗಾರ ಹಬ್ಬಿತು. "ಅಬ್ಬಾ, ಅಷ್ಟು ಮೇಲಕ್ಕೆ ಹೋಗ್ಬಿಟ್ನಾ!" ಎಂದ ಯಾರೋ ಹಿರಿಯ.

"ಏಯ್, ಪಟಾಕಿ ಕೆಳಗಿಡ್ರೋ!" ಅವ್ವ ಯಾರನ್ನೋ ಗದರಿದಳು. ನಂತರ ದನಿ ತಗ್ಗಿಸಿ, "ತಪ್ಪಾಯ್ತು ಮಗನೇ, ಡ್ಯೂಟಿ ಹೊತ್ನಲ್ಲಿ ಎಬ್ಬಿಸ್ಬಿಟ್ಟೆ," ಎಂದು ಮೆಲ್ಲಗೆ ಫೋನು ಇಟ್ಟಳು.