ಜೀಪಿನ ಸೈಲೆನ್ಸರಿಗೆ ಒಲೆಯ ಮಣ್ಣು

ನಮ್ಮವರ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ದುಬಲಗುಂಡಿಯ ನಮ್ಮ ತವರುಮನೆಯಲ್ಲಿ. ಪಡಸಾಲೆಯಲ್ಲಿ ಗಂಡಸರು ಕೂತಿದ್ದರು. ನಾನು ಬಾಗಿಲ ಹಿಂದೆ ಜೋಳ ಹಸನು ಮಾಡುವ ನೆಪದಲ್ಲಿ ಮೊರ ಹಿಡಿದು ಕೂತಿದ್ದೆ. ಸೋದರಮಾವ ಬಕ್ಕಪ್ಪ ಬಸವಕಲ್ಯಾಣಕ್ಕೆ ಹೋಗಿ ವರನನ್ನು ನೋಡಿಕೊಂಡು ಬಂದಿದ್ದ.

"ಹುಡುಗ ಬಂಗಾರ ಅದಾನ. ಹೊಲ ಅದ, ಮನಿ ಅದ. ಎಲಿ ಅಡಕಿ ಸುದ್ದಾ ಮುಟ್ಟಂಗಿಲ್ಲ" ಅಂದ.

"ಮತ್ತ ಐಬು ಏನದ, ಅದು ಹೇಳು" ಅಂದರು ನಮ್ಮಪ್ಪ.

ಮಾವ ಸ್ವಲ್ಪ ಕೆಮ್ಮಿದ. "ಒಂದು ಸಣ್ಣದು ಅದ. ಕೈಗೆ ಏನು ಸಿಕ್ಕರೂ ಬಿಚ್ಚತಾನ. ತಿರುಗಿ ಜೋಡಸಾಕ ಬರಂಗಿಲ್ಲ."

"ಅಷ್ಟೇ ಹೌದಲ್ಲೊ. ನಮ್ಮ ಹುಡುಗಿ ಜೋಡಸ್ತಾಳ ತಗೋ" ಅಂದು ನಮ್ಮಪ್ಪ ನಕ್ಕರು. (ನನ್ನ ಹಣೆಬರಹ ಹೀಗೆ ಒಂದು ಕೆಮ್ಮಿಗೂ ಒಂದು ನಗುವಿಗೂ ನಡುವೆ ಇತ್ಯರ್ಥವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.)

ಕಲ್ಯಾಣದ ಮನೆಗೆ ಬಂದು ನೋಡಿದರೆ ಮಾವ ಹೇಳಿದ್ದು ಕಮ್ಮಿಯೇ. ಗೋಡೆಯ ಗಡಿಯಾರಕ್ಕೆ ಮುಳ್ಳಿರಲಿಲ್ಲ, ಹೊಲಿಗೆ ಯಂತ್ರಕ್ಕೆ ಗಾಲಿ ಇರಲಿಲ್ಲ. ಇಪ್ಪತ್ತು ವರ್ಷ ಅಂಥ ಮನೆಯಲ್ಲಿ ಬಾಳಿದೆ. ಆಮೇಲೆ ನಮ್ಮವರು, ಮಿಲಿಟರಿಯವರು ಬೇಡವೆಂದು ಬಿಟ್ಟ ಒಂದು ಹಳೆಯ ಜೀಪನ್ನು ಹರಾಜಿನಲ್ಲಿ ಹಿಡಿದುಕೊಂಡು ಬಂದರು. ನಾರಾಯಣಪುರದ ಹತ್ತಿರ ನಮ್ಮ ಹೊಲ, ಎರೆಯ ನೆಲ. ಮಳೆಗಾಲದಲ್ಲಿ ಎತ್ತಿನ ಗಾಡಿಯೇ ಹೂತು ನಿಲ್ಲುತ್ತಿತ್ತು. "ಇದಕ್ಕ ನಾಕೂ ಗಾಲಿ ಎಳೀತಾವ. ಕೆಸರಂದ್ರ ಇದಕ್ಕ ಹೋಳಗಿ" ಅಂದರು. ಅದು ಸುಳ್ಳಲ್ಲ, ಎಳೆಯುತ್ತಿತ್ತು. ಆದರೆ ಎಳೆಯುವಾಗ ಅದು ಮಾಡುವ ಸಪ್ಪಳಕ್ಕೆ ಓಣಿಯ ಎಮ್ಮೆಗಳು ಹಾಲು ಬಿಡುವುದನ್ನೇ ನಿಲ್ಲಿಸಿದವು. ಹೊಗೆ ಹೊರಗೆ ಬಿಡುವ ಕೊಳವೆ ತುಕ್ಕು ಹಿಡಿದು ಜರಡಿಯಾಗಿತ್ತು. ಅದರ ಸೈಲೆನ್ಸರು ಹೆಸರಿಗೆ ಮಾತ್ರ ಇತ್ತು.

ಅದು ಹಾಗೆಯೇ ಇರುತ್ತಿತ್ತು. ಆದರೆ ೧೯೭೪ರಲ್ಲಿ ನಮ್ಮ ಒಬ್ಬಳೇ ಮಗಳು ಕಾಂತಾ ಬಸುರಾದಳು.

ಅವಳನ್ನು ಬಿಜಾಪುರಕ್ಕೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳಿಗೆ ನಾವು ಹಸಿರು ಸೀರೆ ಒಯ್ದು ಸೀಮಂತದ ಕುಬಸ ಮಾಡಿ ಕರೆದುಕೊಂಡು ಬರಬೇಕು. ಇದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಬೀಗತಿ ಕೇಶರಬಾಯಿ ಕಾಗದ ಬರೆಸಿದರು. ನಾನು ಎರಡನೆಯ ಇಯತ್ತೆಯವರೆಗೆ ಸಾಲೆ ಕಲಿತವಳು, ಬೆರಳಿಟ್ಟು ಓದಿದೆ. ಆ ಕಾಗದ ಈಗಲೂ ಬಾಯಿಪಾಠ ಇದೆ. "ಸೋಮವಾರ ಮಧ್ಯಾಹ್ನ ನಾಲ್ಕಕ್ಕೆ ಮುಹೂರ್ತ. ಮೂರು ಬಸ್ಸು ಬದಲಿಸಿ ಬಸುರಿ ಹೆಂಗಸನ್ನು ಕಳಿಸುವುದಿಲ್ಲ. ನಿಮ್ಮ ಜೀಪಿನ ಸಪ್ಪಳ ಮದುವೆಯಲ್ಲಿ ಕೇಳಿದ್ದೇವೆ. ಅದನ್ನು ಸರಿ ಮಾಡಿಸಿ ತಂದರೆ ಕಳಿಸುತ್ತೇವೆ, ಇಲ್ಲದಿದ್ದರೆ ಬಾಣಂತನ ಇಲ್ಲಿಯೇ."

ಮಗಳ ಚೊಚ್ಚಲ ಬಾಣಂತನ ಬೀಗರ ಮನೆಯಲ್ಲಿ ಆದರೆ ನಾನು ಕಲ್ಯಾಣದ ಹೆಂಗಸರಿಗೆ ಮುಖ ಹೇಗೆ ತೋರಿಸಲಿ. ಎರಡು ದಿನ ನನಗೆ ಊಟ ಸೇರಲಿಲ್ಲ. ಶುಕ್ರವಾರ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ನಾನೇ ಜೀಪು ಹತ್ತಿ ಕೂತೆ, ರಿಪೇರಿ ನನ್ನ ಕಣ್ಣೆದುರೇ ಆಗಲಿ ಎಂದು. (ಆ ದಿನ ಮನೆಯಲ್ಲಿದ್ದು ರೊಟ್ಟಿ ಬಡಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.)

ಹುಮನಾಬಾದಿನಲ್ಲಿ ಹೆದ್ದಾರಿಯ ಮೇಲೆ ಗಯಾಸುದ್ದೀನ್ ಮಿಸ್ತ್ರಿಯ ಅಂಗಡಿ. ಆತ ಜೀಪಿನ ಕೆಳಗೆ ನುಸುಳಿ, ಹೊರಗೆ ಬಂದು ಕೈ ಒರೆಸಿಕೊಂಡ.

"ಮಹಾರುದ್ರಪ್ಪ ಸಾವಕಾರ್ರೆ, ಸೈಲೆನ್ಸರ್ ಖತಮ್ ಆಗ್ಯಾದ. ಹೈದರಾಬಾದದಿಂದ ಬರಬೇಕು, ಎಂಟು ದಿನ."

"ಎಂಟು ದಿನ ಎಲ್ಲಿ ಅದ ಮಿಸ್ತ್ರಿ. ಸೋಮವಾರ ಕುಬಸ" ಅಂದರು ನಮ್ಮವರು.

"ಹಂಗಾದ್ರ ಹಳೇ ಲಾರೀದು ಒಂದು ಡಬ್ಬಿ ಕೂಡಸ್ತೀನಿ. ಆವಾಜ್ ಕಮ್ಮಿ ಆಗ್ತದ. ಹೊಗಿ ಹಿಂದ ಕೆಳಗ ಹೋಗ್ತದ, ಮೊದಲಿನಂಗ."

ಆಗ ನನಗೆ ಬುದ್ಧಿ ಹೊಳೆಯಿತು. ನಾನು ಅಂದರೆ ಯಾರು. ಹೊಗೆಯಾಡದ ಒಲೆ ಹಾಕುವುದರಲ್ಲಿ ಇಡೀ ಕಲ್ಯಾಣಕ್ಕೆ ನನ್ನ ಹೆಸರು ಇತ್ತು. ನಾಲ್ವತ್ತು ಮನೆಗಳ ಅಡುಗೆಮನೆಯಲ್ಲಿ ನನ್ನ ಕೈಯ ಒಲೆ ಉರಿಯುತ್ತಿತ್ತು.

"ಯಣ್ಣಾ, ಹೊಗಿ ಎಂದರ ಕೆಳಗ ಹೋಗ್ತದೇನು? ಹಿಂದ ಬಿಟ್ಟರ ತಿರುಗಿ ಒಳಗೇ ಬರ್ತದ. ಬಸುರಿ ಹುಡುಗಿ ಹಿಂದಿನ ಸೀಟಿನಾಗ ಕೂಡಾಕಿ. ಕೊಳವಿ ಮ್ಯಾಲ ಎತ್ತು, ಅಡಗಿಮನಿ ಹೊಗಿಗೂಡು ಇದ್ದಂಗ" ಅಂದೆ.

"ಗಾಡಿಗೂ ಚೂಲಾಕೂ ಫರಕ್ ಅದ ಬಾಯಿ."

"ಏನು ಫರಕ್? ಎರಡರಾಗೂ ಉರೀತದ, ಎರಡರಿಂದಾನೂ ಹೊಗಿ ಬರ್ತದ."

ಮಿಸ್ತ್ರಿ ನಮ್ಮವರ ಮುಖ ನೋಡಿದ. ನಮ್ಮವರು ಆಕಾಶ ನೋಡಿದರು. "ಆಕಿ ಹೇಳಿದಂಗ ಮಾಡು. ಮನಿಗೆ ನಾ ತಿರುಗಿ ಹೋಗಬೇಕು" ಅಂದರು.

ಕೊಳವೆ ಹಿಂದಿನ ಎಡ ಮೂಲೆಯಲ್ಲಿ ಮೊಣಕೈಯ ಹಾಗೆ ತಿರುಗಿ, ಜೀಪಿನ ತಲೆಯ ಮೇಲಿನ ಬಟ್ಟೆಯ ಟಪ್ಪಿಗಿಂತ ಎತ್ತರಕ್ಕೆ ಸೆಟೆದು ನಿಂತಿತು. ಇನ್ನೇನು ಆ ತಿರುವಿಗೆ ಬೆಸುಗೆ ಹಾಕಬೇಕು, ಕರೆಂಟು ಹೋಯಿತು. ಸಂಜೆಯವರೆಗೂ ಬರಲಿಲ್ಲ. ಮಿಸ್ತ್ರಿ ಅಲ್ಲಿ ತಗಡು ಸುತ್ತಿ ತಂತಿ ಬಿಗಿದ. "ಇದು ಕಚ್ಚಾ ಕೆಲಸ ಅದ. ಸೋಮವಾರ ನೀವು ಇದೇ ರಸ್ತಾದಾಗ ಹೋಗ್ತೀರಿ, ಇಲ್ಲಿ ನಿಲ್ಲರಿ. ಹತ್ತು ಮಿನಿಟಿನಾಗ ಬೆಸುಗಿ ಹಾಕ್ತೀನಿ. ನಿಲ್ಲದ ಹೋಗಬ್ಯಾಡ್ರಿ" ಎಂದು ಮೂರು ಸಲ ಹೇಳಿದ.

ಮನೆಗೆ ಬಂದು ನೋಡಿದರೆ ತಗಡಿನ ಸಂದಿನಿಂದ ಸಣ್ಣಗೆ ಹೊಗೆ ಬರುತ್ತಿತ್ತು. ನನ್ನ ಕೈ ಸುಮ್ಮನಿರಲಿಲ್ಲ. ಹುತ್ತದ ಮಣ್ಣು, ಸೋಸಿದ ಬೂದಿ, ಟಾಂಗಾ ನಿಲ್ಲುವಲ್ಲಿಂದ ತಂದ ಕುದುರೆಯ ಲದ್ದಿ, ಒಂದು ಹಿಡಿ ಬೆಲ್ಲ ಸೇರಿಸಿ ತುಳಿದು ಹದ ಮಾಡಿದೆ. ಒಲೆಯ ಬಾಯಿಗೆ ಮೆತ್ತುವ ಅದೇ ಮಣ್ಣು. ತಿರುವಿಗೆ ನಾಲ್ಕು ಬೆರಳು ದಪ್ಪ ಮೆತ್ತಿ, ನೀರುಗೈಯಿಂದ ನುಣುಪು ಮಾಡಿದೆ. ಎರಡು ದಿನದ ಬಿಸಿಲಿಗೆ ಕಲ್ಲಾಯಿತು. ಬೆರಳಿನಿಂದ ಬಾರಿಸಿದರೆ ಠಣ್ ಅನ್ನುತ್ತಿತ್ತು.

"ಮಿಸ್ತ್ರಿ ಅಂಗಡಿ ಮುಂದ ನಿಲ್ಲಬೇಕಲ್ಲ?" ಅಂದರು ನಮ್ಮವರು ಸೋಮವಾರ ಹೊರಡುವಾಗ.

"ಯಾಕ ನಿಲ್ಲಬೇಕು? ನನ್ನ ಮಣ್ಣಿಗಿಂತ ಅವನ ಬೆಸುಗಿ ಗಟ್ಟಿ ಏನು? ಮುಹೂರ್ತ ತಪ್ಪಿದ್ರ ಬೀಗತಿ ಹುಡುಗೀನ ಕಳಸ್ತಾಳಾ?"

"ಅಲ್ಲ, ಹತ್ತು ಮಿನಿಟು ಅಂದಾನ…"

"ನಿಮ್ಮ ಹತ್ತು ಮಿನಿಟು ನನಗ ಗೊತ್ತದ. ನೀವು ಇನ್ನೊಂದು ಏನರ ಬಿಚ್ಚತೀರಿ."

ಅವರು ಗಾಡಿ ಚಾಲೂ ಮಾಡಿದರು. ಹಿಂದೆ ನಾನು, ನನ್ನ ನಾದಿನಿ ಭಾಗಮ್ಮ, ನಡುವೆ ಹಸಿರು ಸೀರೆಯ ಗಂಟು ಮತ್ತು ಬುಟ್ಟಿ ಬುಟ್ಟಿ ಕರ್ಚಿಕಾಯಿ, ಶೇಂಗಾದ ಹೋಳಿಗೆ. ಹುಮನಾಬಾದಿನಲ್ಲಿ ಗಯಾಸುದ್ದೀನ್ ಬೆಸುಗೆಯ ಕಡ್ಡಿ ಎತ್ತಿ ಹಿಡಿದು ರಸ್ತೆಯ ಮಧ್ಯದಲ್ಲೇ ನಿಂತಿದ್ದ. ನಮ್ಮವರು ಗಾಡಿ ಸಾವಕಾಶ ಮಾಡಿದರು. ನಾನು ಹಿಂದಿನಿಂದ "ನಡೀರಿ" ಅಂದೆ. ಗಾಡಿ ಆತನನ್ನು ಬಳಸಿಕೊಂಡು ಮುಂದೆ ಹೋಯಿತು. ನಾನು ಹಿಂದಿನಿಂದ ಕೈ ಬೀಸಿದೆ. ಆತ ಬೀಸಲಿಲ್ಲ.

ಕಲಬುರಗಿಯವರೆಗೆ ನನ್ನ ಸುವರ್ಣಯುಗ. ಸಪ್ಪಳ ಇಲ್ಲ, ಹೊಗೆ ಇಲ್ಲ. "ವೈನಿ, ನೀ ಇಂಜಿನಿಯರ್ ಆಗಬೇಕಿತ್ತು" ಅಂದಳು ಭಾಗಮ್ಮ. ನಾನು ಬೇಡ ಬೇಡ ಅನ್ನುತ್ತಲೇ ಒಪ್ಪಿಕೊಂಡೆ.

ಭೀಮಾ ದಾಟಿದ ಮೇಲೆ ಮಣ್ಣು ಬಿರಿಯತೊಡಗಿತು. ಮೊದಲು ಬೆಲ್ಲ ಹೊತ್ತಿದ ವಾಸನೆ. ಆಮೇಲೆ ಲದ್ದಿ ಹೊತ್ತಿದ ವಾಸನೆ. (ಕುದುರೆ ತಾನೇ ಹೊತ್ತಿಕೊಂಡು ಉರಿದರೆ ಹೇಗಿರುತ್ತದೋ ಹಾಗೆ.) ಸಿಂದಗಿಯ ಈಚೆ ಒಂದು ಹಳ್ಳ ಅಡ್ಡ ಬಂತು. ನಾಲ್ಕೂ ಗಾಲಿ ಎಳೆದವು, ಜೀಪು ಮೀನಿನ ಹಾಗೆ ದಾಟಿತು. ಆದರೆ ಕಾದ ಮಣ್ಣಿಗೆ ತಣ್ಣೀರು ಬಿದ್ದು ಚುಂಯ್ ಎಂದು ಒಡೆದು, ನನ್ನ ಎರಡು ದಿನದ ಕೆಲಸ ಹೋಳು ಹೋಳಾಗಿ ಹಳ್ಳದ ಪಾಲಾಯಿತು. ತಗಡೂ ಅದರ ಹಿಂದೆಯೇ ಹೋಯಿತು. ಕೊಳವೆ ಮಾತ್ರ ಧ್ವಜಗಂಬದ ಹಾಗೆ ಮೇಲೆ ನೋಡುತ್ತ ನಿಂತಿತ್ತು. ಹೊಗೆ ಅದರ ಹತ್ತಿರವೂ ಸುಳಿಯದೆ ನೇರವಾಗಿ ನಮ್ಮ ಮುಖಕ್ಕೇ ಬರುತ್ತಿತ್ತು.

"ನಿಲ್ಲಸ್ರಿ" ಎಂದು ಕೂಗಿದೆ. ಆ ಸಪ್ಪಳದಲ್ಲಿ ಅವರಿಗೆ ಕೇಳಲಿಲ್ಲ. ಭಾಗಮ್ಮ ಕೊಡೆಯಿಂದ ತಿವಿದ ಮೇಲೆ ನಿಲ್ಲಿಸಿದರು. ಹಸಿ ಗೋಣಿಚೀಲ ಸುತ್ತಿದೆವು, ಅದು ಸುಟ್ಟಿತು. ಟಪ್ಪಿನ ಬಟ್ಟೆ ಎತ್ತಿ ಕಟ್ಟಿದೆವು, ಧೂಳು ಬಂತು. ಮುಹೂರ್ತಕ್ಕೆ ಒಂದೂವರೆ ತಾಸು ಉಳಿದಿತ್ತು. ಸೀರೆಯ ಗಂಟನ್ನು ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಿ, ಮಗಳೇ ಮಗಳೇ ಎಂದುಕೊಳ್ಳುತ್ತ ಬಿಜಾಪುರ ಮುಟ್ಟಿದೆ.

ಬಾಗಿಲಲ್ಲಿ ಕೇಶರಬಾಯಿ ಕಾಲಿಗೆ ನೀರು ಹಿಡಿದುಕೊಂಡು ನಿಂತಿದ್ದರು. ನನ್ನನ್ನೂ ಭಾಗಮ್ಮನನ್ನೂ ಮೇಲಿಂದ ಕೆಳಗೆ ನೋಡಿದರು.

"ಇದ್ದಲಿ ಬ್ಯಾಡವಾ, ಮೊನ್ನೆನೇ ತಗೊಂಡೀವಿ" ಅಂದರು.

ನಾನು ಮಾತಾಡಿದ ಮೇಲೆಯೇ ಗುರುತು ಸಿಕ್ಕಿದ್ದು.

ಕುಬಸವೇನೋ ಹೊತ್ತಿಗೆ ಸರಿಯಾಗಿ ಆಯಿತು. ಆದರೆ ಆ ಹಸಿರು ಸೀರೆ ಉಡಿಸಿದ ಕೂಡಲೇ ಕಾಂತಾ ಮೂಗು ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ಕರ್ಚಿಕಾಯಿ ತಿಂದ ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿದರು. ಕೇಶರಬಾಯಿ ಎದ್ದು ಹೊರಗೆ ಹೋಗಿ, ಜೀಪನ್ನು ಒಂದು ಪ್ರದಕ್ಷಿಣೆ ಹಾಕಿ ಬಂದು, ನಡುಮನೆಯಲ್ಲಿ ಎಲ್ಲರ ಎದುರು ಕೇಳಿದರು.

"ಮೋಟಾರಿಗೆ ಹೊಗಿಗೂಡು ಕಟ್ಟಿಸಿದ ಶಾಣ್ಯಾ ಯಾರು?"

ನಮ್ಮವರು ನನ್ನ ಕಡೆ ನೋಡಿದರು. ನಾನು ತೊಲೆ ನೋಡುತ್ತಿದ್ದೆ. ಬಿಜಾಪುರದ ತೊಲೆಗಳು ಬಹಳ ಚೆನ್ನಾಗಿರುತ್ತವೆ.

"ನನ್ನ ಬುದ್ಧಿರಿ" ಅಂದರು ಅವರು.

"ಹಂಗಾದ್ರ ನಿಮ್ಮ ಬುದ್ಧಿ ನೀವೇ ಹತ್ತಿಕೊಂಡು ಹೋಗ್ರಿ. ಹುಡುಗೀನ ನಾ ರೈಲಿನಾಗ ಕರಕೊಂಡು ಬರ್ತೀನಿ. ಬಾಣಂತನಾನೂ ನಾನೇ ನಿಂತು ನೋಡ್ತೀನಿ. ನಿಮ್ಮ ಮನಿ ಭರೋಸಾ ನನಗಿಲ್ಲ."

ಹೀಗೆ ಮಗಳನ್ನು ತರಲು ಹೋದವಳು ಬೀಗತಿಯನ್ನೂ ತಂದುಕೊಂಡೆ. ಒಂದು ದಿನವಲ್ಲ, ಎರಡು ದಿನವಲ್ಲ, ಐದು ತಿಂಗಳು. ಮಗು ಹುಟ್ಟಿತು, ತೊಟ್ಟಿಲಿಗೆ ಹಾಕಿದ್ದಾಯಿತು, ಅವರು ಹೊರಡಲಿಲ್ಲ. ಬಾಣಂತಿಯ ಖಾರ ಹುರಿಯುವುದು ಅವರೇ, ಎರೆಯುವುದು ಅವರೇ. ನನ್ನ ಅಡುಗೆಮನೆಯಲ್ಲಿ ನನಗೆ ಬಾಗಿಲ ಹತ್ತಿರ ಒಂದು ಮಣೆ. ಬಂದವರಿಗೆಲ್ಲ ಜೀಪಿನ ಕಥೆ. ಊದಿನಕಡ್ಡಿ ಹಚ್ಚಿದರೆ, "ಬೀಗರ, ಹೊಗಿ ಎದ್ದದ, ಕೊಳವಿ ತರ್ರಿ" ಅನ್ನುವರು. ನಮ್ಮವರು ರೊಟ್ಟಿ ಮುರಿಯುತ್ತ, "ತಪ್ಪಾತ್ರಿ" ಅನ್ನುವರು.

ಮತ್ತೆ ನಾನು? ನಾನೂ ನಗುತ್ತಿದ್ದೆ. "ಅವರದು ಹುಟ್ಟುಗುಣ ಬಿಡ್ರಿ, ಏನೂ ಬರೋಬ್ಬರಿ ಜೋಡಸಾಕ ಬರಂಗಿಲ್ಲ" ಎಂದು ಮೇಲಿನಿಂದ ಒಂದು ಒಗ್ಗರಣೆ ಹಾಕುತ್ತಿದ್ದೆ. ನಕ್ಕ ದಿನ ಬೀಗತಿ ನನ್ನ ತಂಟೆಗೆ ಬರುತ್ತಿರಲಿಲ್ಲ. ಬೆಸುಗೆ ಹಾಕಿಸಲು ಹೋದಾಗ ಮಿಸ್ತ್ರಿಯ ಅಂಗಡಿಯಲ್ಲೂ ಅದೇ ಆಯಿತು. ಆತ ಕೊಳವೆಗೆ ಅಂಟಿದ್ದ ಒಂದು ಹೆಂಟೆ ಕಿತ್ತು ಮೂಸಿ, "ಸಾವಕಾರ್ರೆ, ಇದು ಲದ್ದಿ ಅದ" ಅಂದ. "ಹೌದು, ನಾನೇ ಮೆತ್ತಿದ್ದೆ" ಅಂದರು ನಮ್ಮವರು. ಮಿಸ್ತ್ರಿ ನನ್ನ ಕಡೆ ತಿರುಗಿ ಒಂದು ದೊಡ್ಡ ಸಲಾಮು ಹೊಡೆದ. ನಾನು ಸೆರಗು ಮುಂದೆ ಎಳೆದುಕೊಂಡೆ.

ಹತ್ತು ಹನ್ನೊಂದು ವರ್ಷ ಹೋದವು. ಜೀಪು ಮಾರಿದೆವು, ಕಥೆ ಮಾತ್ರ ಮನೆಯಲ್ಲೇ ಉಳಿಯಿತು. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಯಾರಾದರೊಬ್ಬರು ಹೇಳುತ್ತಿದ್ದರು. ಪ್ರತಿ ಸಲ ಕೊಳವೆ ಒಂದು ಗೇಣು ಉದ್ದ ಆಗುತ್ತಿತ್ತು.

ನಮ್ಮವರು ಹಾಸಿಗೆ ಹಿಡಿದಾಗ ಕೇಶರಬಾಯಿ ನೋಡಲು ಬಂದರು. ಡಾಕ್ಟರು ಕೈ ಚೆಲ್ಲಿ ಹೋಗಿದ್ದರು. ನಡುಹಗಲು. ಪಡಸಾಲೆಯಲ್ಲಿ ಮಾತಾಡಿಸಲು ಬಂದ ಊರ ಜನ ಕೂತಿದ್ದರು. ದುಃಖದ ಮನೆ, ಏನಾದರೂ ಮಾತು ಬೇಕಲ್ಲ ಎಂದು ಬೀಗತಿ ಮೆಲ್ಲಗೆ, "ಒಂದು ಸಲ ನಮ್ಮ ಬೀಗರು ಏನು ಮಾಡಿದ್ರು ಗೊತ್ತದೇನ್ರಿ" ಎಂದು ಶುರು ಮಾಡಿದರು.

ಒಳಗೆ ನಮ್ಮವರು ಕಣ್ಣು ತೆರೆದರು. ಬೆರಳಿನಿಂದ ನನ್ನನ್ನು ಕರೆದರು. ಪಾದೋದಕ ಕೇಳುತ್ತಾರೆ ಎಂದು ಬಟ್ಟಲು ಹಿಡಿದು ಬಗ್ಗಿದೆ. ಬಟ್ಟಲು ಸರಿಸಿದರು.

"ಬೀಗತಿಯವರು ಹೊರಗ ಕುಂತಾರ" ಅಂದರು.

"ಹೌದ್ರಿ. ಒಳಗ ಕರೀಲೇನು?"

"ಬ್ಯಾಡ. ನೀ ಹೋಗು. ಆ ಕೊಳವಿ ಮ್ಯಾಲ ಎತ್ತಿಸಿದಾಕಿ ಯಾರು ಅಂತ ಒಮ್ಮಿ ಹೇಳಿಬಿಡು. ಜರಾ ಜೋರಾಗಿ ಹೇಳು. ನನಗೂ ಕೇಳಲಿ."