ಬೀಗರ ವಂಶಕ್ಕೊಂದು ಪೈಪ್‌ಲೈನು

ನಮ್ಮ ಷಡ್ಡಕರಿಗೆ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡನಿಗೆ, ಮನೆಯ ಗ್ಯಾಸ್ ಸಿಲಿಂಡರ್ ಖಾಲಿಯಾದದ್ದು ಗೊತ್ತಾಗುವುದಿಲ್ಲ. ಕಾರಿನ ಇನ್ಷೂರೆನ್ಸ್ ಎಂದು ಮುಗಿಯುತ್ತದೆಂದು ಗೊತ್ತಿರುವುದಿಲ್ಲ. ನನ್ನ ಹೆಸರು ನಾಲಿಗೆಗೆ ಬಾರದೆ "ಏ ತಮ್ಮಾ" ಎಂದು ಕೂಗಿ ಕೆಲಸ ಮುಗಿಸುತ್ತಾರೆ. ಆದರೆ ಕೊಲಂಬಿಯಾ ದೇಶದ ಯಾವುದೋ ಬೆಟ್ಟದ ಊರಿನಲ್ಲಿ ನೂರಾರು ವರ್ಷದ ಹಿಂದೆ ಹೇಸರಗತ್ತೆ ಹೊಡೆದುಕೊಂಡಿದ್ದ ಒಬ್ಬ ಸ್ಪೇನಿನವನ ಎರಡನೇ ಹೆಂಡತಿಯ ತವರು ಯಾವುದೆಂದು ಕೇಳಿ ನೋಡಿ! ನಿಂತಲ್ಲೇ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ. ಆದ್ದರಿಂದ ನನ್ನ ಮೊದಲ ಸಲಹೆ ಏನೆಂದರೆ, ದಯವಿಟ್ಟು ಕೇಳಬೇಡಿ.

ನಾನು ಕುವೈತಿನ ಖೈತಾನಿನಲ್ಲಿ ಹಳೆಯ ಏಸಿ, ಫ್ರಿಜ್ ಕೊಂಡು ರಿಪೇರಿ ಮಾಡಿ ಮಾರುವವನು. ಯಾವ ವಸ್ತುವಿಗೆ ಎಷ್ಟು ಆಯಸ್ಸು ಉಳಿದಿದೆ ಎಂದು ಕಿವಿಗೊಟ್ಟು ಕೇಳಿಯೇ ಹೇಳಬಲ್ಲೆ. ಷಡ್ಡಕರು ಶುಐಬಾದ ಕಾರ್ಖಾನೆಯಲ್ಲಿ ಪೈಪಿಂಗ್ ಇಂಜಿನಿಯರ್, ಗದಗಿನ ಕಡೆಯವರು, ಫಿಂಟಾಸಿನಲ್ಲಿ ಸಮುದ್ರ ಕಾಣುವ ಫ್ಲಾಟು. ಕಾಣುವುದು ಅಡುಗೆಮನೆಯ ಕಿಟಕಿಯಿಂದ ಮಾತ್ರ, ಅದೂ ಕತ್ತು ಹೊರಗೆ ಚಾಚಿದರೆ. ಅದಕ್ಕೆ ಸಮುದ್ರದ ಬಾಡಿಗೆ ಕೊಡುತ್ತಾರೆ! ಚೌಕಾಶಿಗೆ ನನ್ನನ್ನು ಕರೆದುಕೊಂಡು ಹೋಗಿ ಎಂದಿದ್ದೆ. ಕೇಳಿದರೆ ತಾನೆ?

ಇವರ ಜೊತೆ ಕೆಲಸ ಮಾಡುವ ಹುಡುಗ ಆಂದ್ರೇಸ್, ಕೊಲಂಬಿಯಾದವನು. ತನ್ನ ದೇಶದಲ್ಲೂ ಜೋಳದ ರೊಟ್ಟಿಯಂಥದ್ದು ತಟ್ಟುತ್ತಾರೆ ಎಂದು ಅವನೊಂದು ದಿನ ಬಾಯಿ ತಪ್ಪಿ ಹೇಳಿದ. ತಗೊಳ್ಳಿ, ಆ ಶುಕ್ರವಾರದ ರಜೆಗೇ ಅವನನ್ನು ಮನೆಗೆ ಎಳೆದು ತಂದು ರೊಟ್ಟಿ, ಎಣ್ಣೆಗಾಯಿ ಮುಂದಿಟ್ಟರು. ಹುಡುಗ ರೊಟ್ಟಿ ಮೆಚ್ಚಿದ. ಮರುವಾರವೂ ಬಂದು ಮೆಚ್ಚಿದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಇವರ ಮಗಳು ಸಿಂಧು ಶುಕ್ರವಾರ ಮಧ್ಯಾಹ್ನ ಮನೆಯಲ್ಲೇ ಇರತೊಡಗಿದಾಗ ನನ್ನಂಥ ವ್ಯಾಪಾರಸ್ಥನಿಗೆ ವಾಸನೆ ಬಡಿಯಿತು. ಇವರಿಗೆ ಬಡಿಯಲಿಲ್ಲ. ಕೊನೆಗೆ ಅವನನ್ನೇ ಮದುವೆಯಾಗುತ್ತೇನೆಂದು ಅವಳೇ ಬಾಯಿಬಿಟ್ಟು ಹೇಳಿದಳು.

ಅವತ್ತು ಬೆಂಕಿ ಹತ್ತುತ್ತದೆಂದು ನಾನು ಅಂಗಡಿ ಮುಚ್ಚಿ ಓಡಿದೆ. ದಾರಿಯುದ್ದಕ್ಕೂ ವಾದ ಸಜ್ಜು ಮಾಡಿಕೊಂಡಿದ್ದೆ: ಜಾತಿಗೆ ಒಂದು, ದೇಶಕ್ಕೆ ಒಂದು, ಜನ ಏನಂತಾರೋ ಎನ್ನುವುದಕ್ಕೆ ಒಂದು. ಹೋದರೆ ಇವರು ಚುರುಮುರಿ ತಿನ್ನುತ್ತ ಕೂತಿದ್ದಾರೆ.

"ಹುಡುಗ ಛಲೋ ಇದ್ದಾನೋ ತಮ್ಮಾ. ವೆಲ್ಡಿಂಗ್ ನೋಡಾಕ ಒಳ್ಳೆ ಕಣ್ಣದ ಅವಗ."

ನನ್ನ ವಾದಗಳೆಲ್ಲ ಗೋಡೌನಿನಲ್ಲೇ ಉಳಿದುಹೋದವು!

ಗ್ರಹಚಾರ ಶುರುವಾದದ್ದು ಪುರೋಹಿತರಿಂದ. ನಮ್ಮ ಪುರೋಹಿತರು ವಾರದ ದಿನಗಳಲ್ಲಿ ಸೇಫ್ಟಿ ಆಫೀಸರ್. ಮಂತ್ರಕ್ಕೆ ಮೊದಲು ತುರ್ತು ಬಾಗಿಲು ಎಲ್ಲಿದೆ ಎಂದು ಕೇಳುವವರು. ಅವರು ಹೇಳಿದ್ದು ಇಷ್ಟೇ: "ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳಿಕೊಳ್ಳೋಣ, ತೊಂದರೆ ಇಲ್ಲ. ಆದರೆ ಧಾರೆ ಹೊತ್ತಿಗೆ ವರನ ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಹೇಳಬೇಕು. ವಿಚಾರಿಸಿಡಿ."

ವಿಚಾರಿಸಿಡಿ! ಈ ಮಾತನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬ ವಿವೇಕ ಬೇಡವೇ? ಆಂದ್ರೇಸ್ ಅಲ್ಲೇ ಕೂತು ಮೂರೂ ಹೆಸರು ಹೇಳಿದ. ಅಪ್ಪ ತೀರಿಹೋಗಿದ್ದರು, ಅಜ್ಜ, ಮುತ್ತಜ್ಜ ಎಲ್ಲ ಒಂದೇ ಊರಿನವರು. ಖಲಾಸ್, ಕೆಲಸ ಮುಗಿಯಿತು ಎಂದು ನಾನು ಎದ್ದೆ. ಇವರು ಕನ್ನಡಕ ಏರಿಸಿ ಕೇಳಿದರು: "ಅವರಪ್ಪ ಯಾರು?"

ಅಲ್ಲಿಂದ ಹಿಡಿದದ್ದು ನೋಡಿ. ಆಫೀಸಿನಿಂದ ಡ್ರಾಯಿಂಗಿನ ದೊಡ್ಡ ಕಾಗದದ ಸುರುಳಿ ಬಂತು. ಹಾಲಿನ ಗೋಡೆಗೆ ಈ ಮೂಲೆಯಿಂದ ಆ ಮೂಲೆಗೆ ಅಂಟಿತು. ಬೇರೆಯವರು ವಂಶವೃಕ್ಷ ಬರೆಯುತ್ತಾರೆ. ಇವರು ವಂಶದ ಪೈಪ್‌ಲೈನು ಎಳೆದರು! ಮದುವೆಯಾದರೆ ಎರಡು ಪೈಪು ಕೂಡುವ ಜಾಯಿಂಟು. ಮಕ್ಕಳಿಲ್ಲದಿದ್ದರೆ ಪೈಪಿನ ತುದಿಗೆ ಮುಚ್ಚಳ. ಹೆಂಡತಿ ಸತ್ತು ಇನ್ನೊಬ್ಬಳನ್ನು ತಂದುಕೊಂಡರೆ ಬೈಪಾಸು. ಪಾದ್ರಿಯಾಗಿ ಹೋದ ಮಗನಿಗೆ ಪ್ರೆಶರ್ ಬಿಡುವ ವಾಲ್ವು. ಟೀವಿ ಮುಚ್ಚಿಹೋಯಿತು. ಅಕ್ಕ, ಅಂದರೆ ಅವರ ಹೆಂಡತಿ, ಧಾರಾವಾಹಿಯನ್ನು ಮೊಬೈಲಿನಲ್ಲಿ ನೋಡತೊಡಗಿದರು, ಅದೂ ಇಯರ್‌ಫೋನ್ ಹಾಕಿಕೊಂಡು, ಯಾಕೆಂದರೆ ಪೂರ್ವಜರಿಗೆ ಗದ್ದಲ ಆಗಬಾರದಂತೆ.

ಆಂದ್ರೇಸನ ಊರಿನಲ್ಲಿ ಚರ್ಚಿನ ಹಳೆಯ ದಫ್ತರ ನೋಡಿ ಹೇಳುವ ಒಬ್ಬ ಮುದುಕರಿದ್ದರು. ನಮಗೆ ಸಂಜೆಯಾದಾಗ ಅವರಿಗೆ ಬೆಳಗಿನ ಕಾಫಿಯ ಹೊತ್ತು. ಫೋನು ಮಾಡುವುದು, ಶುಕ್ರವಾರದ ರೊಟ್ಟಿಯ ಜೊತೆ ಕನ್ನಡವನ್ನೂ ಕಲಿತಿದ್ದ ಆಂದ್ರೇಸ್ ಅನುವಾದ ಮಾಡುವುದು. ಹುಡುಕಿಕೊಟ್ಟ ತಲೆಗಿಷ್ಟು ಎಂದು ಅವರ ಶುಲ್ಕ. ಇಲ್ಲಾದರೂ ನನ್ನನ್ನು ಕರೆದರಲ್ಲ! ನಾನು ಫೋನು ಕಸಿದು ಶುರುಮಾಡಿದೆ.

"ನೋಡಿ ಯಜಮಾನರೇ, ಇಷ್ಟೊಂದು ಅಜ್ಜಂದಿರನ್ನು ಒಟ್ಟಿಗೆ ತಗೊಳ್ತಿದ್ದೇವೆ. ಹೋಲ್‌ಸೇಲ್ ರೇಟು ಕೊಡಿ. ಅಜ್ಜನ ಜೊತೆ ಅಜ್ಜಿ ಫ್ರೀ ಆಗಬೇಕು."

ಆಂದ್ರೇಸ್ ನಗುತ್ತ ಅದನ್ನು ಆ ಕಡೆ ದಾಟಿಸಿದ. ಮುದುಕರು ನಗಲಿಲ್ಲ. ಅಜ್ಜಿಯರನ್ನು ಬೇರೆ ಮಾಡಿ ಮಾರಲು ಬರುವುದಿಲ್ಲ ಎಂದರು. ಅವರಲ್ಲಿ ಪ್ರತಿಯೊಬ್ಬರ ಹೆಸರಿಗೂ ಎರಡು ಬಾಲ: ಮೊದಲನೆಯದು ಅಪ್ಪನ ಮನೆತನ, ಎರಡನೆಯದು ಅಮ್ಮನ ಮನೆತನ. ನಮ್ಮ ಹುಡುಗನೇ ಆಂದ್ರೇಸ್ ವಿಯಾಲ್ಬಾ ಓರ್ತೇಗಾ. ಓರ್ತೇಗಾ ಅವನ ತಾಯಿಯ ಕಡೆಯದು. ಮದುವೆಯಾದರೂ ಹೆಣ್ಣಿನ ಹೆಸರು ತವರಿನದೇ, ಸಾಯುವ ತನಕ.

ಷಡ್ಡಕರು ಚಹಾ ಕೆಳಗಿಟ್ಟರು. "ಬದಲಾಗೂದಿಲ್ಲಾ? ಇನ್ನೊಮ್ಮೆ ಕೇಳು."

ಇನ್ನೊಮ್ಮೆ ಕೇಳಿದ. ಬದಲಾಗುವುದಿಲ್ಲವಂತೆ.

"ನಮ್ಮಕ್ಕ ಅಲ್ಲಿ ಹುಟ್ಟಬೇಕಿತ್ತು," ಎಂದಳು ನನ್ನ ಹೆಂಡತಿ. ಸುಮ್ಮನಿರುವ ಅಭ್ಯಾಸ ಅವಳಿಗಿಲ್ಲ. ಅವಳು ಚುಚ್ಚಿದ್ದು ಷಡ್ಡಕರ ಮನೆಯ ಪದ್ಧತಿಗೆ. ಅವರ ಕಡೆ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ಅಕ್ಕ ಮಂಟಪಕ್ಕೆ ಒಂದು ಹೆಸರಿನಲ್ಲಿ ಹೋಗಿ, ಸುಮಂಗಲಾ ಆಗಿ ಇಳಿದು ಬಂದರು. ಪಾಸ್‌ಪೋರ್ಟು, ಇಕಾಮಾ ಎನ್ನುವ ಇಲ್ಲಿನ ವಾಸದ ಪರವಾನಗಿ, ಬ್ಯಾಂಕು ಎಲ್ಲದರಲ್ಲೂ ಸುಮಂಗಲಾ. ನಾನು ಈ ಮನೆಯ ಅಳಿಯನಾಗುವ ಹೊತ್ತಿಗೆ ಹಳೆಯ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ನನಗಂತೂ ಅವರು ಅಕ್ಕ, ಅಷ್ಟೆ.

ಅವತ್ತಿನಿಂದ ಇವರ ಹುಚ್ಚು ಅಜ್ಜಂದಿರನ್ನು ಬಿಟ್ಟು ಅಜ್ಜಿಯರ ಕಡೆ ತಿರುಗಿತು. ಗೋಡೆ ಸಾಲದೆ ಪೈಪುಗಳು ಫ್ರಿಜ್ಜಿನ ಮೇಲೆ ಹತ್ತಿದವು. ಆ ಫ್ರಿಜ್ಜು ನಾನೇ ಕೊಟ್ಟದ್ದು. ಹಾಲು ತೆಗೆಯಬೇಕೆಂದರೆ ಯಾವುದೋ ಇಸಬೆಲ್ಲಾಳನ್ನು ಪಕ್ಕಕ್ಕೆ ಸರಿಸಬೇಕು!

ಈ ನಡುವೆ ವಿಸಿಟ್ ವೀಸಾದಲ್ಲಿ ಹುಡುಗನ ತಾಯಿ ಬಂದಿಳಿದರು. ಗಂಭೀರ ಹೆಂಗಸು. ಊರಿನ ಮನೆಯಲ್ಲಿ ಸೋಫಾದ ಮೇಲೆ ತೂಗುಹಾಕಿದ ಸಿಂಹದ ಲಾಂಛನದ ಫೋಟೋ ತೋರಿಸಿ, ವಿಯಾಲ್ಬಾ ವಂಶದ ಮೂಲಪುರುಷ ಸ್ಪೇನಿನ ರಾಜನ ಕ್ಯಾಪ್ಟನ್, ಕತ್ತಿ ಹಿಡಿದು ಹಡಗಿನಿಂದ ಇಳಿದವನು ಎಂದು ಹೆಮ್ಮೆಯಿಂದ ಹೇಳಿದರು. ಎಲ್ಲರೂ ತಲೆದೂಗಿದೆವು. ತಲೆದೂಗಿ ಸುಮ್ಮನಿರುವುದು ಬಿಟ್ಟು ನಮ್ಮ ಷಡ್ಡಕರು ಹೋಳಿಗೆ ಬಾಯಲ್ಲಿಟ್ಟುಕೊಂಡೇ ಅಂದರು:

"ಕ್ಯಾಪ್ಟನ್ ಅಲ್ಲಂತ ಹೇಳೋ ಆಂದ್ರೇಸ. ಕ್ಯಾಪ್ಟನ್ನನ ಮನಿಯಾಳು. ಆವಾಗ ಸ್ಪೇನ್ ಬಿಟ್ಟು ಹೋಗಾಕ ಪರ್ಮಿಟ್ ಬೇಕಿತ್ತು, ಇವಗ ಇರಲಿಲ್ಲ. ದೊಡ್ಡವರ ಪರ್ಮಿಟ್‌ನ್ಯಾಗ ಆಳಂತ ಹೆಸರ ಬರಿಸಿಕೊಂಡು ಬಂದಾನ."

ನನಗೆ ಪೂರ್ವಜನ ಮೇಲೆ ಥಟ್ಟನೆ ಪ್ರೀತಿ ಉಕ್ಕಿತು. ಇದು ನಮ್ಮ ಖಾದಿಮ್ ವೀಸಾ ಅಲ್ಲವೇ? ನಾನೂ ಕುವೈತಿಗೆ ಬಂದದ್ದು ವೀಸಾ ಕೊಡಿಸುವ ಒಬ್ಬ ಕಫೀಲ್‌ನ ಮನೆಗೆಲಸದವನೆಂದೇ! ಆಮೇಲೆ ಅವನು ಹೇಸರಗತ್ತೆ ವ್ಯಾಪಾರ ಹಿಡಿದ, ನಾನು ಏಸಿ ಹಿಡಿದೆ. ಆದರೆ ಹುಡುಗನ ತಾಯಿ ಮಗನ ಮುಖ ನೋಡುತ್ತಿದ್ದಾರೆ. ಹುಡುಗ ಬೆವರುತ್ತಿದ್ದಾನೆ. ಸಿಂಧು ಮೇಜಿನ ಕೆಳಗೆ ನನ್ನ ಕಾಲು ತುಳಿದಳು: "ಚಿಕ್ಕಪ್ಪಾ, ಡೂ ಸಮ್‌ಥಿಂಗ್!"

"ಹೇಳಪ್ಪ ಆಂದ್ರೇಸ್," ಎಂದೆ ನಾನು, "ಕ್ಯಾಪ್ಟನ್ನನ ಬಲಗೈಯಂತಿದ್ದ ನಂಬಿಕಸ್ಥ, ಅವನಿಲ್ಲದೆ ಕ್ಯಾಪ್ಟನ್ನಿಗೆ ಒಂದು ಹೆಜ್ಜೆ ಇಡಲಾಗುತ್ತಿರಲಿಲ್ಲ ಅಂತ ಹೇಳು."

ಅದು ಸ್ಪ್ಯಾನಿಷಿನಲ್ಲಿ ಹೋಯಿತು. ತಾಯಿ ಸಮಾಧಾನದಿಂದ ಇನ್ನೊಂದು ಹೋಳಿಗೆ ತೆಗೆದುಕೊಂಡರು. ಗಮನಿಸಿ, ನಾನು ಸುಳ್ಳು ಹೇಳಲಿಲ್ಲ. ಸರಕನ್ನು ಒಳ್ಳೆಯ ಬೆಳಕಿನಲ್ಲಿ ಇಡುವುದು ಸುಳ್ಳಲ್ಲ. ಇದು ನನ್ನ ಎರಡನೇ ಸಲಹೆ.

ಆದರೆ ನಿಜವಾದ ತಾಪತ್ರಯ ಬಂದದ್ದು ಆ ಮೂಲಪುರುಷನ ಮೊದಲ ಹೆಂಡತಿಯಿಂದ. ಅವಳು ಸ್ಪೇನಿನವಳಲ್ಲ. ಇವನಿಗೆ ಬೆಟ್ಟದಲ್ಲಿ ಜಮೀನು ಸಿಕ್ಕಿತಲ್ಲ, ಆ ಜಮೀನು ಅದಕ್ಕೂ ಮೊದಲು ಯಾರದ್ದಾಗಿತ್ತೋ ಆ ಜನರ ಪೈಕಿಯ ಹೆಣ್ಣು. ದಫ್ತರದಲ್ಲಿ ಅವಳು ಮರೀಯಾ. ಪಾದ್ರಿ ನೀರು ಚಿಮುಕಿಸಿ ಇಟ್ಟ ಹೆಸರು.

"ಅದಕ್ಕಿಂತ ಮೊದಲ?" ಎಂದರು ಷಡ್ಡಕರು.

"ಬರೆದಿಲ್ಲ," ಎಂದರು ಫೋನಿನಲ್ಲಿ ಮುದುಕರು.

"ಹಂಗಂದ್ರ ಹುಡುಕಬೇಕು."

ಎಲ್ಲಿ ಹುಡುಕುವುದು? ಹುಡುಗನನ್ನು ಕಂಪನಿಯವರು ಮುಂದಿನ ತಿಂಗಳು ಬೇರೆ ದೇಶಕ್ಕೆ ವರ್ಗ ಮಾಡುತ್ತಿದ್ದರು. ತಾಯಿಯ ವೀಸಾ ಮುಗಿಯುತ್ತ ಬಂದಿತ್ತು. ಮದುವೆ ಈಗಾಗದಿದ್ದರೆ ಇನ್ನು ಯಾವಾಗಲೋ! ಇವರು ಮಾತ್ರ ಮುಹೂರ್ತದ ಮಾತೆತ್ತಿದರೆ ಗೋಡೆ ತೋರಿಸುವರು: "ಒಂದ ಜಾಯಿಂಟ್ ಬಿಟ್ಟು ಲೈನ್ ಚಾಲೂ ಮಾಡಾಕ ಬರೂದಿಲ್ಲೋ ತಮ್ಮಾ. ಸೋರತದ."

ನನ್ನ ತಾಳ್ಮೆ ಹರಿಯಿತು. "ಭಾವ, ಗಟ್ಟಿಯಾದ ಹೆಸರೊಂದನ್ನು ನಾವೇ ಇಟ್ಟು ಮುಗಿಸೋಣ. ಗಂಗಾ ಅನ್ನಿ. ಆ ಪುಣ್ಯಾತ್ಗಿತ್ತಿ ಎದ್ದುಬಂದು ಕೇಳ್ತಾಳಾ?"

ಎಂದೂ ದನಿ ಏರಿಸದ ಮನುಷ್ಯ ಪೆನ್ಸಿಲ್ ಎಸೆದರು. "ಅಕಿಗೆ ಒಮ್ಮೆ ಇಟ್ಟಾರಲ್ಲೋ ಮಂದಿ, ಅಕಿನ್ನ ಕೇಳಲಾರದ! ಈಗ ಇನ್ನೊಮ್ಮೆ ನೀ ಇಡಾಂವೇನು?"

ಆಗ ಸಿಂಧು ಎದ್ದಳು. ಹುಟ್ಟಿದಾಗಿನಿಂದ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ, ತಡವರಿಸುತ್ತ ಕನ್ನಡದಲ್ಲಿ ಅಂದಳು: "ಅಪ್ಪಾ, ನನ್ನ ಹೆಸರು ನಿಮಗೆ ಗೊತ್ತಲ್ಲ? ಸದ್ಯಕ್ಕೆ ಅದು ಸಾಕಾಗಲ್ವಾ?"

ಷಡ್ಡಕರು ಬಗ್ಗಿ ಪೆನ್ಸಿಲ್ ಎತ್ತಿಕೊಂಡು, ಮರೀಯಾ ಎಂದಿದ್ದಲ್ಲಿ ಖಾಲಿ ಚೌಕ ಬರೆದು, ಪಕ್ಕಕ್ಕೆ ತೆರೆದ ವಾಲ್ವ್ ಒಂದನ್ನು ಎಳೆದರು. "ಸಿಕ್ಕಾಗ ಜೋಡಸೂಣು. ಯಲ್ಲಾ, ನಡಿ, ಪುರೋಹಿತರಿಗೆ ಫೋನ್ ಹಚ್ಚು."

ಮದುವೆ ಆ ಫ್ಲಾಟಿನಲ್ಲೇ ಆಯಿತು. ಸೇಫ್ಟಿ ಆಫೀಸರ್ ಪುರೋಹಿತರು ಹೊಗೆಯ ಅಲಾರಮ್ಮಿಗೆ ಹೆದರಿ ಹೋಮವನ್ನು ತಟ್ಟೆಯಷ್ಟಕ್ಕೆ ಇಳಿಸಿದ್ದರು. ಪಕ್ಕದಲ್ಲಿ ಒದ್ದೆ ಟವೆಲು, ಅದರ ಪಕ್ಕದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಅದಕ್ಕೂ ಅಕ್ಕ ಅರಿಸಿನ ಕುಂಕುಮ ಹಚ್ಚಿದ್ದರು! ಮೂರು ತಲೆಮಾರಿನ ವಿಯಾಲ್ಬಾಗಳು ಮಂತ್ರದೊಳಗೆ ಕಾಶ್ಯಪ ಗೋತ್ರದಲ್ಲಿ ಮರ್ಯಾದೆಯಿಂದ ಕೂತರು. ಧಾರೆ ಆಯಿತು. ನಾನು ಉಸಿರುಬಿಟ್ಟೆ.

ಆಮೇಲೆ ಗದಗಿನ ಕಡೆಯ ಹಿರಿಯಮ್ಮ ಒಬ್ಬರು ಅಕ್ಕಿಯ ತಟ್ಟೆ, ಉಂಗುರ ತಂದು ಹುಡುಗನ ತಾಯಿಯ ಮುಂದಿಟ್ಟರು. "ಸೊಸಿಗೆ ಹೆಸರ ಬರೀರಿ. ಭಾಗ್ಯಲಕ್ಷ್ಮಿ ಅಂತ ಬರಸ್ರಿ, ಛಲೋ ಅದ." ಆಂದ್ರೇಸ್ ತಾಯಿಗೆ ವಿವರಿಸುತ್ತಿದ್ದ. ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಇರುವ ಹೆಸರಿಗೆ ಏನಾಗಿದೆ ಎಂದು ಕೇಳಿದರಂತೆ.

ಷಡ್ಡಕರು ಮುಂದೆ ಬಂದು ಅಕ್ಕಿಯ ಮೇಲೆ ಅಂಗೈ ಆಡಿಸಿದರು, ಏನೂ ಬರೆದಿರದ ಅಕ್ಕಿಯನ್ನು ಅಳಿಸುವವರ ಹಾಗೆ.

"ಹೊಸಾದೇನೂ ಬ್ಯಾಡ್ರಿ," ಎಂದರು. ದನಿ ಸಣ್ಣದಾಗಿತ್ತು. "ನಮ್ಮವ್ವಗ ಅಕ್ಕಿಯೊಳಗ ಬರದ ಹೆಸರಷ್ಟ ನನಗ ಗೊತ್ತು. ಅದಕ್ಕಿಂತ ಮೊದಲ ಅಕಿನ್ನ ಏನಂತ ಕರೀತಿದ್ರೋ, ಅಕಿ ಇರೂತನಾ ನಾ ಕೇಳಲಿಲ್ಲ. ಈಗ ಹೇಳಾಂವರು ಯಾರೂ ಉಳದಿಲ್ಲ."

ನಾನು ಗೋಡೆಯ ಕಡೆ ನೋಡಿದೆ. ಖಾಲಿ ಚೌಕ, ತೆರೆದ ವಾಲ್ವು.

ಹುಡುಗನ ತಾಯಿ ಉಂಗುರ ಹಿಡಿದು ತಮ್ಮ ಲಿಪಿಯಲ್ಲಿ, ತಮ್ಮ ಪದ್ಧತಿಯಂತೆ ಬರೆಯತೊಡಗಿದರು. ಮೊದಲು ಸಿಂಧು. ಆಮೇಲೆ ಅಪ್ಪನ ಹೆಸರು ಕೇಳಿ ಬರೆದರು. ಕೈ ನಿಲ್ಲಿಸಿ ಇನ್ನೇನೋ ಕೇಳಿದರು.

"ಅಮ್ಮನ ಹೆಸರು ಬೇಕಂತೆ," ಎಂದ ಆಂದ್ರೇಸ್.

ಸುಮಂಗಲಾ ಎಂದು ಹೇಳಲು ನಾನೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಷಡ್ಡಕರು, ಆ ಹಳೆಯ ಹೆಸರನ್ನು ಎಷ್ಟು ಕಾಲದಿಂದ ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ, ಮನೆಗೆಲ್ಲ ಕೇಳುವಂತೆ ಅಂದರು:

"ವನಜಾ."

ಆರತಿಗೆ ಎಣ್ಣೆ ತರಲು ಅಕ್ಕ ಒಳಗೆ ಹೋಗಿದ್ದರು. ಇಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಒಂದು ದನಿ ಬಂತು, ಆಟ ಬಿಟ್ಟು ಓಡಿಬರುವ ಹುಡುಗಿಯದು:

"ಓ... ಬಂದೇ!"